ಕಡಲು ದಾಟಿ ಕಲಿತು ಬಂದವರು

ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಕೋರ್ಸಿಗೆಂದು ಲಂಡನ್ನಿಗೋ ಅಮೆರಿಕೆಗೋ ಹೋಗಿ ಬರುವ ಮಕ್ಕಳು ಈಗ ನಮ್ಮ ಬಳಗದಲ್ಲೇ ಅನೇಕರಿದ್ದಾರೆ. ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಮನೆಮಂದಿಯೆಲ್ಲ ಹೊರಡುತ್ತೇವೆ. ಬಂದವರಿಗೆ ಬಿಸಿಬಿಸಿ ಅನ್ನ ಸಾರು ಬಡಿಸಿ, ಪೆಟ್ಟಿಗೆ ಬಿಚ್ಚಿಸಿ, ಚಾಕಲೇಟು ಹಂಚಿಸಿದರೆ ಸ್ವಾಗತ ಮುಗಿಯಿತು. ಇದೇ ಮುಂಬಯಿ ಬಂದರಿನಲ್ಲಿ ನೂರು ನೂರಿಪ್ಪತ್ತು ವರ್ಷಗಳ ಹಿಂದೆ ಹಡಗಿನಿಂದ ಇಳಿದವರ ಪಾಡು ಹೀಗಿರಲಿಲ್ಲ. ಓದಿ ಬಂದವನನ್ನು ಮನೆಯೊಳಗೆ ಸೇರಿಸಬಹುದೇ, ಪಂಕ್ತಿಯಲ್ಲಿ ಕೂರಿಸಬಹುದೇ ಎಂಬುದು ಮೊದಲು ತೀರ್ಮಾನವಾಗಬೇಕಿತ್ತು.

ಈ ನಿಷೇಧದ ಬೇರು ಹಳೆಯದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕರ್ಮಗಳ ಸಾಲಿಗೆ ಸೇರಿಸಿದೆ. ಅದಕ್ಕೆ ಪ್ರಾಯಶ್ಚಿತ್ತ ಮೂರು ವರ್ಷ: ನಾಲ್ಕು ಹೊತ್ತಿಗೊಮ್ಮೆ ಮಿತವಾದ ಊಟ, ದಿನಕ್ಕೆ ಮೂರು ಸ್ನಾನ, ಹಗಲೆಲ್ಲ ನಿಂತಿರಬೇಕು, ರಾತ್ರಿ ಕುಳಿತೇ ಕಳೆಯಬೇಕು. ಮುಂದೆ ಕಲಿಯುಗದಲ್ಲಿ ವರ್ಜ್ಯವಾದವುಗಳ ಪಟ್ಟಿಯಲ್ಲೂ ಕಡಲಯಾನ ಸೇರಿಕೊಂಡಿತು. ಒಂದು ಸ್ವಾರಸ್ಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಅದೇ ಬೌಧಾಯನನು ಉತ್ತರದವರಿಗೂ ದಕ್ಷಿಣದವರಿಗೂ ಐದೈದು ವಿಚಿತ್ರ ಆಚಾರಗಳಿವೆ ಎನ್ನುತ್ತಾನೆ. ಕಡಲಿಗೆ ಹೋಗುವುದು ಉತ್ತರದವರದು. ಸೋದರಮಾವನ ಮಗಳನ್ನು ಮದುವೆಯಾಗುವುದು, ಹೆಂಡತಿಯೊಡನೆ ಕೂತು ಉಣ್ಣುವುದು, ತಂಗಳು ತಿನ್ನುವುದು ನಮ್ಮ ಕಡೆಯವರವು. ಸೋದರಮಾವನ ಮಗಳನ್ನು ತಂದುಕೊಂಡದ್ದಕ್ಕೆ ನಮ್ಮಲ್ಲಿ ಯಾರಿಗೂ ಬಹಿಷ್ಕಾರ ಬಿದ್ದದ್ದನ್ನು ನಾವು ಕೇಳಿಲ್ಲ. ಶಾಸ್ತ್ರದಲ್ಲಿ ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬೇಕು ಎಂಬುದನ್ನು ನಿಶ್ಚಯಿಸುವವರು ಊರಿನ ಹಿರಿಯರೇ.

ಗಾಂಧೀಜಿಯವರ ಕಥೆಯನ್ನು ಆತ್ಮಕಥೆಯಲ್ಲಿ ಓದಿದವರು ಬಹಳ ಮಂದಿ. ಆದರೆ ಅವರು ವಿಲಾಯತಿಗೆ ಹೋದದ್ದು ನಮಗೆ ನೆನಪಿರುವಷ್ಟು, ಮರಳಿ ಬಂದದ್ದು ನೆನಪಿರುವುದಿಲ್ಲ. 1888ರಲ್ಲಿ ಅವರು ಹೊರಟು ನಿಂತಾಗ ಮುಂಬಯಿಯ ಮೋಢ ಬನಿಯಾ ಸಮಾಜ ಸಭೆ ಕರೆದು ಅವರನ್ನು ಜಾತಿಯಿಂದ ಹೊರಗೆ ಹಾಕಿತು. ಅವರಿಗೆ ನೆರವಾದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ! ಪ್ರಯಾಣದ ಹಣ ಇಟ್ಟುಕೊಂಡಿದ್ದ ಭಾವನೇ ಬಹಿಷ್ಕಾರಕ್ಕೆ ಹೆದರಿ ಕೊಡಲು ಒಪ್ಪಲಿಲ್ಲ. ಮಾಂಸ, ಮದ್ಯ, ಪರಸ್ತ್ರೀ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು, ಸಾಲ ಮಾಡಿ ಹೊರಟರು.

1891ರ ಜೂನ್ 10ರಂದು ಬ್ಯಾರಿಸ್ಟರಾದರು. 12ಕ್ಕೆ ಹಡಗು ಹತ್ತಿದರು. ಮಳೆಗಾಲದ ಅರಬ್ಬೀ ಸಮುದ್ರ. ಏಡನ್ ದಾಟಿದ ಮೇಲೆ ಅಲೆಗಳ ಹೊಡೆತಕ್ಕೆ ಪ್ರಯಾಣಿಕರೆಲ್ಲ ಮಲಗಿಬಿಟ್ಟರೂ ಇವರು ತಟ್ಟೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಓಟ್ಸ್ ಗಂಜಿ ಉಂಡರಂತೆ. ಜುಲೈ ಮೊದಲ ವಾರದಲ್ಲಿ ಮುಂಬಯಿಗೆ ಬಂದಿಳಿದಾಗ ಅಣ್ಣ ಬಂದರಿನಲ್ಲಿ ಕಾದಿದ್ದ. ತಾಯಿಯನ್ನು ಕಾಣುವ ಆತುರದಲ್ಲಿದ್ದ ತಮ್ಮನಿಗೆ, ತಾಯಿ ತೀರಿಹೋದ ಸುದ್ದಿಯನ್ನು ಅವನು ಅಲ್ಲಿ ಹೇಳಬೇಕಾಯಿತು. ಪರದೇಶದಲ್ಲಿ ಒಬ್ಬನೇ ಇರುವಾಗ ತಿಳಿದರೆ ಏನಾದೀತೋ ಎಂದು ಮನೆಯವರು ಮುಚ್ಚಿಟ್ಟಿದ್ದರು. ತಂದೆ ತೀರಿದಾಗಿಗಿಂತ ಹೆಚ್ಚು ದುಃಖವಾಯಿತು, ಆದರೆ ಅದನ್ನು ತೋರಗೊಡಲಿಲ್ಲವೆಂದು ಗಾಂಧೀಜಿ ಬರೆದಿದ್ದಾರೆ. ಊರು ಬಿಟ್ಟು ದೂರದಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಆ ಮುಚ್ಚಿಟ್ಟ ಕಾಗದದ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಳಿಕ ಜಾತಿಯ ಪ್ರಶ್ನೆ. ಸಮಾಜ ಎರಡು ಪಕ್ಷವಾಗಿತ್ತು. ಒಂದು ಪಕ್ಷವನ್ನು ಒಲಿಸಿಕೊಳ್ಳಲು ಅಣ್ಣ ತಮ್ಮನನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಮುಳುಗಿಸಿ ತಂದ. ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದ. ಇನ್ನೊಂದು ಪಕ್ಷ ಜಗ್ಗಲಿಲ್ಲ. ಆ ಪಕ್ಷದ ಕಟ್ಟಳೆಯಂತೆ ಅತ್ತೆ ಮಾವನಾಗಲಿ ಅಕ್ಕ ಭಾವನಾಗಲಿ ಅವರಿಗೆ ನೀರು ಕೊಡುವಂತಿರಲಿಲ್ಲ. ಗುಟ್ಟಾಗಿ ಉಪಚರಿಸಲು ಅವರು ಸಿದ್ಧರಿದ್ದರೂ, ಬಹಿರಂಗವಾಗಿ ಮಾಡಲಾಗದ್ದನ್ನು ಗುಟ್ಟಾಗಿ ಮಾಡಿಸಿಕೊಳ್ಳಲು ಇವರಿಗೆ ಮನಸ್ಸಾಗಲಿಲ್ಲ. ಜಗಳವನ್ನೂ ಆಡಲಿಲ್ಲ.

ಅನಂತರದ ಮುಂಬಯಿ ವಾಸವಂತೂ ಈ ನಗರಕ್ಕೆ ಡಿಗ್ರಿ ಹಿಡಿದು ಬಂದ ಯಾವ ತರುಣನ ಕಥೆಯಾದರೂ ಆದೀತು. ಗಿರಗಾಂವಿನ ಮನೆಯಿಂದ ಹೈಕೋರ್ಟಿಗೆ ಮುಕ್ಕಾಲು ಗಂಟೆ ನಡಿಗೆ, ಹೋಗುವಾಗ ಬರುವಾಗ ಕಾಲ್ನಡಿಗೆಯೇ. ಕೋರ್ಟಿನಲ್ಲಿ ಕೂತು ತೂಕಡಿಕೆ. ಸ್ಮಾಲ್ ಕಾಜಸ್ ಕೋರ್ಟಿನಲ್ಲಿ ಮೂವತ್ತು ರೂಪಾಯಿಯ ಒಂದು ಮೊಕದ್ದಮೆ ಸಿಕ್ಕಿತು. ಪಾಟೀ ಸವಾಲಿಗೆ ಎದ್ದು ನಿಂತರೆ ತಲೆ ತಿರುಗಿ ಬಾಯಿಯೇ ಬರಲಿಲ್ಲ. ಹಣ ಹಿಂದಿರುಗಿಸಿ ಬಂದರು. ಎಪ್ಪತ್ತೈದು ರೂಪಾಯಿ ಸಂಬಳದ ಇಂಗ್ಲಿಷ್ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದರೆ, ಬಿ.ಎ. ಆಗಿಲ್ಲವೆಂದು ಅದೂ ತಪ್ಪಿತು. ಆರು ತಿಂಗಳಲ್ಲಿ ರಾಜಕೋಟೆಗೆ ಹಿಂದಿರುಗಿದರು.

ಇವರಿಗಿಂತ ಐದು ವರ್ಷ ಮೊದಲು, 1886ರ ನವೆಂಬರಿನಲ್ಲಿ, ಇದೇ ಬಂದರಿಗೆ ಡಾಕ್ಟರ್ ಆನಂದಿಬಾಯಿ ಜೋಶಿ ಬಂದಿಳಿದಿದ್ದರು. ಹೋಗುವ ಮುನ್ನ ಸೇರಾಂಪುರದ ಸಭೆಯೊಂದರಲ್ಲಿ ಹಿಂದುವಾಗಿ ಹೋಗಿ ಹಿಂದುವಾಗಿಯೇ ಬರುತ್ತೇನೆಂದು ಸಾರಿದ್ದ ಹೆಣ್ಣುಮಗಳು. ಫಿಲಡೆಲ್ಫಿಯಾದಲ್ಲಿ ಎಂ.ಡಿ. ಪಡೆದಾಗ ಇಪ್ಪತ್ತೊಂದು ತುಂಬಿರಲಿಲ್ಲ. ಕೊಲ್ಲಾಪುರದ ಆಸ್ಪತ್ರೆಯ ಹೆಂಗಸರ ವಿಭಾಗ ಅವರಿಗಾಗಿ ಕಾದಿತ್ತು. ಆದರೆ ಅಮೆರಿಕೆಯಿಂದ ಪದವಿಯ ಜೊತೆ ಕ್ಷಯವೂ ಬಂದಿತ್ತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಒಬ್ಬ ರೋಗಿಯನ್ನೂ ಆ ಆಸ್ಪತ್ರೆಯಲ್ಲಿ ಅವರು ನೋಡಲಾಗಲಿಲ್ಲ.

ಕನ್ನಡ ನಾಡಿನಿಂದ ಹೋಗಿ ಬಂದವರೂ ಈ ಸಾಲಿನಲ್ಲಿದ್ದಾರೆ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಭಾರತದ ಪರವಾಗಿ ಮಾತಾಡಲು ಇಂಗ್ಲೆಂಡಿಗೆ ಹೋಗಿ, ಮುಂಬಯಿಯಲ್ಲಿ ಮೊದಲ ಕಾಂಗ್ರೆಸ್ ಅಧಿವೇಶನ ಸೇರಿದ ಹೊತ್ತಿಗೆ ಮರಳಿದರು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು 1901ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಧರ್ಮಗಳ ತೌಲನಿಕ ಅಧ್ಯಯನಕ್ಕೆಂದು ಹೋಗಿ 1903ರಲ್ಲಿ ಬಂದರು. ಕಲಿತದ್ದನ್ನು ಎಲ್ಲಿ ಬಳಸಬೇಕೆಂಬುದರಲ್ಲಿ ಶಿಂದೆಯವರಿಗೆ ಗೊಂದಲವಿರಲಿಲ್ಲ. 1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದರ ಅಧ್ಯಕ್ಷರು ಚಂದಾವರಕರರೇ. ಮರಾಠಿಯವರು ಶಿಂದೆಯವರನ್ನು ಮಹರ್ಷಿಯೆಂದು ಕೊಂಡಾಡುತ್ತಾರೆ. ಜಮಖಂಡಿಯವರೆಂಬುದನ್ನು ನಮ್ಮವರು ಮರೆತೇಬಿಟ್ಟಂತಿದೆ.

ನಾಸಿಕದ ಸ್ನಾನದಿಂದ ಅರ್ಧ ಬಾಗಿಲಾದರೂ ತೆರೆಯಿತು ಎನ್ನೋಣ. ಯಾವ ಸ್ನಾನದಿಂದಲೂ ಬಾಗಿಲು ತೆರೆಯದವರ ಗತಿಯೇನು? ಭೀಮರಾವ್ ಅಂಬೇಡ್ಕರರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ಬಂದರು. ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ ಅಧ್ಯಯನವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಮಹಾಯುದ್ಧದ ಕಾಲ. ಪುಸ್ತಕಗಳನ್ನೂ ಸಾಮಾನನ್ನೂ ಹೊತ್ತ ಸಾಲ್ಸೆಟ್ ಹಡಗು 1917ರ ಜುಲೈಯಲ್ಲಿ ಟಾರ್ಪೆಡೋಗೆ ಸಿಕ್ಕಿ ಮುಳುಗಿತು. ಬೇರೆ ಹಡಗಿನಲ್ಲಿದ್ದ ಅಂಬೇಡ್ಕರರು ಆಗಸ್ಟ್ 21ರಂದು ಮುಂಬಯಿ ತಲುಪಿದರು.

ಕರಾರಿನಂತೆ ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ವಿದೇಶದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯನೆಂಬುದನ್ನೇ ಮನಸ್ಸಿನಿಂದ ಅಳಿಸಿಬಿಟ್ಟಿದ್ದವು ಎಂದು ಅವರೇ ಬರೆದಿದ್ದಾರೆ; ಬರೋಡಾ ನಿಲ್ದಾಣದಲ್ಲಿ ಇಳಿದಾಗ, ಇಳಿದುಕೊಳ್ಳಲು ಎಲ್ಲಿ ಹೋಗಲಿ ಎಂಬ ಪ್ರಶ್ನೆ ಎದುರಾಯಿತು. ಹಿಂದೂ ವಸತಿಗೃಹ ಸೇರಿಸದು. ಪಾರಸಿಗಳ ಛತ್ರದಲ್ಲಿ ಪಾರಸಿ ಹೆಸರು ಬರೆಸಿ ಕೋಣೆ ಹಿಡಿದರು. ಮಹಡಿಯ ಮೇಲೆ ಒಬ್ಬರೇ, ಮಂದ ಬೆಳಕು, ಬಾವಲಿಗಳ ಹಾರಾಟ. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಪಾರಸಿಗಳು ಬಂದು, ಸಂಜೆಯೊಳಗೆ ಖಾಲಿ ಮಾಡೆಂದು ಗದರಿಸಿದರು. ಪರಿಚಯದ ಒಬ್ಬ ಹಿಂದುವನ್ನೂ ಒಬ್ಬ ಕ್ರೈಸ್ತನನ್ನೂ ಕೇಳಿದರು. ನೀನು ಬಂದರೆ ಆಳುಗಳು ಬಿಟ್ಟು ಹೋದಾರು ಎಂದು ಒಬ್ಬ. ಹೆಂಡತಿಯನ್ನು ಕೇಳಬೇಕು ಎಂದು ಇನ್ನೊಬ್ಬ. ಮುಂಬಯಿಯ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗಿನ ಐದು ಗಂಟೆಗಳನ್ನು ಕೊಲಂಬಿಯಾದ ಎಂ.ಎ. ಪದವೀಧರರು ಕಮಾಟಿ ಬಾಗಿನಲ್ಲಿ ಕುಳಿತು ಕಳೆದರು.

ಗಾಂಧೀಜಿಯವರ ತಪ್ಪು ಹೋಗಿ ಬಂದದ್ದು. ಅದಕ್ಕೆ ದಂಡವುಂಟು, ಸ್ನಾನವುಂಟು, ಊಟವುಂಟು. ಅಂಬೇಡ್ಕರರದು ಕಡಲಿಗೆ ಸಂಬಂಧಿಸಿದ್ದೇ ಅಲ್ಲ. ಅವರು ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದಿದ್ದರೂ ಆ ಛತ್ರದ ಬಾಗಿಲು ಹಾಗೆಯೇ ಮುಚ್ಚಿರುತ್ತಿತ್ತು. ಎರಡೂ ಬಹಿಷ್ಕಾರಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಅದೇ 1917ರ ನವೆಂಬರ್ 11ರಂದು ಚಂದಾವರಕರರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ದಲಿತ ವರ್ಗಗಳ ಸಭೆ ನಡೆಯಿತು. ಅಂಬೇಡ್ಕರರು ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ, ಹಣ ಕೂಡಿಟ್ಟು, 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಬಿಟ್ಟುಬಂದ ಓದನ್ನು ಮುಗಿಸಿ ಬಂದರು.

ಗಣಿತಜ್ಞ ರಾಮಾನುಜನ್ ಇದೇ ಬಂದರಿಗೆ ಬಂದಿಳಿದದ್ದು 1919ರ ಮಾರ್ಚ್ 27ರಂದು. 1914ರಲ್ಲಿ ಮದರಾಸಿನಿಂದ ಹೊರಡುವ ಮುನ್ನ ಜುಟ್ಟು ಕತ್ತರಿಸುವುದನ್ನು ತಾಯಿ, ಹೆಂಡತಿ ನೋಡದಿರಲೆಂದು ಅವರನ್ನು ಮೊದಲೇ ಕುಂಭಕೋಣಕ್ಕೆ ಕಳುಹಿಸಿದ್ದರು. ಈಗ ರಾಯಲ್ ಸೊಸೈಟಿಯ ಫೆಲೋ. ದೇಹ ಮಾತ್ರ ಎಲುಬಿನ ಹಂದರ. ಎದುರುಗೊಳ್ಳಲು ಬಂದವರು ತಾಯಿ ಮತ್ತು ತಮ್ಮ. ಹೆಂಡತಿ ಜಾನಕಿ ಎಲ್ಲಿ ಎಂದು ರಾಮಾನುಜನ್ ಕೇಳಿದರು, ಅವಳು ಬಂದಿರಲಿಲ್ಲ. ಅತ್ತೆ ಸೊಸೆಯರ ವೈಮನಸ್ಯದಲ್ಲಿ ಗಂಡನ ಕಾಗದಗಳೂ ಆ ಹುಡುಗಿಯ ಕೈ ಸೇರುತ್ತಿರಲಿಲ್ಲ. ಮಗನನ್ನು ರಾಮೇಶ್ವರಕ್ಕೆ ಕರೆದೊಯ್ದು ಶುದ್ಧಿ ಮಾಡಿಸಬೇಕೆಂದು ತಾಯಿಯ ಆಸೆ. ಕಾಯಿಲೆ ಅದಕ್ಕೆ ಅವಕಾಶ ಕೊಡಲಿಲ್ಲ. 1920ರ ಏಪ್ರಿಲ್ 26ರಂದು ಮದರಾಸಿನ ಚೇಟ್ಪಟ್‌ನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಪ್ರಾಣ ಹೋಯಿತು. ಕಡಲು ದಾಟಿ ಶುದ್ಧಿಯಾಗದವನೆಂದು ಆಚಾರವಂತ ಬಂಧುಗಳು ಹಲವರು ಅಂತ್ಯಕ್ರಿಯೆಗೆ ಬರಲಿಲ್ಲ. ಹಿಂದೆ ಅವರಿಗೆ ಆಶ್ರಯ ಕೊಟ್ಟಿದ್ದ ರಾಮಚಂದ್ರರಾಯರು ಮುಂದೆ ನಿಂತು ಏರ್ಪಾಡು ಮಾಡಿಸಿದರು.

ಇಪ್ಪತ್ತೊಂದರ ವಿಧವೆ ಜಾನಕಿ ಅಮ್ಮಾಳ್ ಆಮೇಲೆ ಕೆಲವು ವರ್ಷ ಮುಂಬಯಿಯಲ್ಲೇ ತಮ್ಮ ಸೋದರನ ಮನೆಯಲ್ಲಿದ್ದರು. ಇಲ್ಲಿ ಇಂಗ್ಲಿಷ್ ಕಲಿತರು, ಹೊಲಿಗೆ ಕಲಿತರು. ಮದರಾಸಿಗೆ ಮರಳಿ ತಿರುವಲ್ಲಿಕ್ಕೇಣಿಯಲ್ಲಿ ಮನೆ ಮಾಡಿ, ಬಟ್ಟೆ ಹೊಲಿದು ಜೀವನ ಸಾಗಿಸಿದರು. ತೀರಿಕೊಂಡದ್ದು 1994ರಲ್ಲಿ.