ಬೆಕ್ಕಿನ ಮಧುಮೇಹ: ಮನೆಯಲ್ಲಿ ಇನ್ಸುಲಿನ್ ಪ್ರಮಾಣದ ನಿರ್ವಹಣೆ

ಬೆಕ್ಕಿನ ಮಧುಮೇಹ ನಡುವಯಸ್ಸು ದಾಟಿದ, ಮೈ ತುಂಬಿಕೊಂಡ, ಮನೆಯೊಳಗೇ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಹಾರ್ಮೋನು ಸಂಬಂಧಿ ರೋಗ. ಆಡುಮಾತಿನಲ್ಲಿ ಇದಕ್ಕೂ ಸಕ್ಕರೆ ಕಾಯಿಲೆ ಎಂದೇ ಹೆಸರು. ಬ್ರಿಟನ್ನಿನ ಸಮೀಕ್ಷೆಗಳ ಪ್ರಕಾರ ಸುಮಾರು 200 ಬೆಕ್ಕುಗಳಲ್ಲಿ ಒಂದಕ್ಕೆ ಈ ರೋಗವಿರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಿಗೂ ಬರ್ಮೀಸ್ ತಳಿಗೂ ಅಪಾಯ ಹೆಚ್ಚು. ರೋಗವನ್ನು ಪತ್ತೆ ಮಾಡುವವರು, ಪ್ರಮಾಣ ಗೊತ್ತುಪಡಿಸುವವರು ಪಶುವೈದ್ಯರು. ಆದರೆ 12 ಗಂಟೆಗೊಮ್ಮೆ ಸೂಜಿ ಹಿಡಿಯುವವರು ಮನೆಯವರು. ಆದ್ದರಿಂದ ಚಿಕಿತ್ಸೆ ಫಲಿಸುವುದೂ ಕೆಡುವುದೂ ಬಹುಮಟ್ಟಿಗೆ ಅಡುಗೆಮನೆಯ ಕಟ್ಟೆಯ ಮೇಲೆಯೇ.

ಚೆನ್ನೈನ ಪುರಸೈವಾಕ್ಕಂ ಈ ವಿಷಯದಲ್ಲಿ ಅನುಕೂಲವಾದ ನೆಲೆ. ಗಂಗಾಧರೇಶ್ವರರ ಗುಡಿ, ಬಟ್ಟೆ ಅಂಗಡಿಗಳ ಹೈರೋಡ್, ಒಂದಕ್ಕೊಂದು ಅಂಟಿದ ಮನೆಗಳ ಈ ಬಡಾವಣೆಗೆ ತಾಗಿಕೊಂಡೇ ವೇಪೇರಿ ಇದೆ. ಅಲ್ಲಿನ ಮದ್ರಾಸ್ ಪಶುವೈದ್ಯಕೀಯ ಕಾಲೇಜು 1903ರಲ್ಲಿ ಆರಂಭವಾಯಿತು. 1935ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿ, ದೇಶದಲ್ಲಿ ವಿಶ್ವವಿದ್ಯಾಲಯದ ಸಂಯೋಜನೆ ಪಡೆದ ಮೊದಲ ಪಶುವೈದ್ಯಕೀಯ ಕಾಲೇಜಾಯಿತು. 1989ರಿಂದ ಅದು ತಮಿಳುನಾಡು ಪಶುವೈದ್ಯಕೀಯ ಮತ್ತು ಪ್ರಾಣಿವಿಜ್ಞಾನ ವಿಶ್ವವಿದ್ಯಾಲಯದ ಅಂಗ. ದಕ್ಷಿಣ ಕನ್ನಡ, ಕಾಸರಗೋಡು ಮದರಾಸು ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಆ ಸೀಮೆಯ ಕನ್ನಡಿಗರಿಗೂ ಇದೇ ತಮ್ಮ ಪ್ರಾಂತ್ಯದ ಕಾಲೇಜು. ಬೆಂಗಳೂರಿನ ಹೆಬ್ಬಾಳದಲ್ಲಿ ಇಂಥ ಕಾಲೇಜು ಬಂದದ್ದು 1958ರಲ್ಲಿ. ಕಾಲೇಜಿನ ಬೋಧನಾ ಆಸ್ಪತ್ರೆ ಇಷ್ಟು ಹತ್ತಿರದಲ್ಲಿರುವುದು ಪುರಸೈವಾಕ್ಕಂನ ಬೆಕ್ಕುಗಳ ಪುಣ್ಯವೆಂದೇ ಹೇಳಬೇಕು. ತುರ್ತಿನಲ್ಲಿ ಅರ್ಧ ಗಂಟೆ ಉಳಿದರೂ ಒಂದು ಜೀವ ಉಳಿದೀತು.

ಲಕ್ಷಣಗಳು ನಾಲ್ಕು: ಅತಿ ನೀರಡಿಕೆ, ಹೆಚ್ಚು ಮೂತ್ರ, ತಿಂದಷ್ಟೂ ಹಸಿವು, ತಿಂದರೂ ಇಳಿಯುವ ತೂಕ. ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಚೆನ್ನೈನಲ್ಲಿ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿದರೆ ಬಿಸಿಲಿನ ಬಾಯಾರಿಕೆ ಎಂದು ಮನೆಯವರು ಸುಮ್ಮನಾಗುತ್ತಾರೆ, ವಾರಗಳು ಕಳೆದುಹೋಗುತ್ತವೆ. ಮರಳಿನ ತಟ್ಟೆಗೆ ಇರುವೆ ಮುತ್ತುವುದು ಇನ್ನೊಂದು ಸುಳಿವು. ಮಧುಮೇಹಿಯ ಮೂತ್ರಕ್ಕೆ ಇರುವೆ ಹತ್ತುವ ಸಂಗತಿ ಆಯುರ್ವೇದದ ಪ್ರಾಚೀನ ಗ್ರಂಥಗಳಿಗೂ ತಿಳಿದಿತ್ತು. ರೋಗ ಹಳೆಯದಾದರೆ ನರಗಳು ಸೋತು, ಬೆರಳ ತುದಿಯಲ್ಲಿ ನಡೆಯುವ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿ ನಡೆಯತೊಡಗುತ್ತದೆ. ಸೋಫಾದ ಮೇಲೆ ಹಾರಲಾರದೆ ಕೆಳಗೇ ಕುಳಿತು ನೋಡುತ್ತದೆ.

ಬೆಕ್ಕಿನ ಕಾಯಿಲೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಬೊಜ್ಜಿನಿಂದ ಇನ್ಸುಲಿನ್ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಸುತ್ತ ಅಮೈಲಾಯ್ಡ್ ಎಂಬ ಪ್ರೋಟೀನು ಶೇಖರವಾಗಿ ಕೋಶಗಳು ಕ್ಷೀಣಿಸುತ್ತವೆ. ಏರಿದ ಸಕ್ಕರೆಯೂ ಆ ಕೋಶಗಳಿಗೆ ವಿಷವೇ. ಸಕ್ಕರೆಯನ್ನು ಬೇಗ ಇಳಿಸಿದರೆ ಉಳಿದ ಕೋಶಗಳು ಚೇತರಿಸಿಕೊಳ್ಳಬಹುದು. ಬೆಕ್ಕಿಗೆ ತಡಮಾಡದೆ ಇನ್ಸುಲಿನ್ ಆರಂಭಿಸುವುದು ಇದಕ್ಕಾಗಿ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಔಷಧ ಇನ್ಸುಲಿನ್. ಬೆಕ್ಕಿನ ಇನ್ಸುಲಿನ್ನಿಗೂ ದನದ ಇನ್ಸುಲಿನ್ನಿಗೂ ಒಂದೇ ಅಮೈನೋ ಆಮ್ಲದ ವ್ಯತ್ಯಾಸ. ಮನುಷ್ಯರದಕ್ಕೆ ಹೋಲಿಸಿದರೆ ನಾಲ್ಕರ ವ್ಯತ್ಯಾಸ. ಆದರೂ ಮನುಷ್ಯರ ಇನ್ಸುಲಿನ್ ಬೆಕ್ಕಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಾಣಿಗಳಿಗೆಂದೇ ತಯಾರಾದ ಪ್ರೊಜಿಂಕ್, ಕ್ಯಾನಿನ್ಸುಲಿನ್ ಹೊರದೇಶಗಳಲ್ಲಿ ಬಳಕೆಯಲ್ಲಿವೆ. ನಮ್ಮಲ್ಲಿ ಬಹುಪಾಲು ಮನುಷ್ಯರ ಔಷಧದಂಗಡಿಯ ಗ್ಲಾರ್ಜಿನ್ ಇನ್ಸುಲಿನ್ನೇ ಗತಿ: ಲ್ಯಾಂಟಸ್, ಅಥವಾ ಬೆಂಗಳೂರಿನ ಬಯೋಕಾನ್ 2009ರಲ್ಲಿ ಮಾರುಕಟ್ಟೆಗೆ ತಂದ ಬಸಲಾಗ್. ಗ್ಲಾರ್ಜಿನ್ ಶೀಶೆಯಲ್ಲಿ ಆಮ್ಲೀಯ ದ್ರವ. ಚರ್ಮದಡಿ ಸೇರಿದಾಗ ಸಣ್ಣ ಹರಳುಗಳಾಗಿ ಕೂತು ನಿಧಾನಕ್ಕೆ ಕರಗುತ್ತದೆ. ಹೀಗಾಗಿ ಅದನ್ನು ನೀರಿನಿಂದಲೋ ಬೇರೆ ಇನ್ಸುಲಿನ್ನಿನಿಂದಲೋ ತೆಳುವಾಗಿಸಬಾರದು.

ಆರಂಭದ ಪ್ರಮಾಣ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 0.25ರಿಂದ 0.5 ಯೂನಿಟ್, ದಿನಕ್ಕೆ ಎರಡು ಸಲ. ನಾಲ್ಕು ಕಿಲೋ ಬೆಕ್ಕಿಗೆ ಒಂದರಿಂದ ಎರಡು ಯೂನಿಟ್ ಎಂದಾಯಿತು. ಬೆಕ್ಕು ಎಷ್ಟೇ ದಪ್ಪವಿರಲಿ, ಮೊದಲ ದಿನ ಎರಡು ಯೂನಿಟ್ ದಾಟುವುದಿಲ್ಲ. ಇದು ಎಷ್ಟು ಸಣ್ಣ ಅಳತೆ ಎಂಬುದನ್ನು ಕಣ್ಣಾರೆ ಕಂಡವರಿಗೇ ಗೊತ್ತು. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿನಲ್ಲಿ ಒಂದು ಯೂನಿಟ್ ಎಂದರೆ 0.01 ಮಿಲಿಲೀಟರ್, ಸಾಧಾರಣ ಹನಿಯೊಂದರ ಐದನೆಯ ಒಂದು ಪಾಲು. ಸಿರಿಂಜಿನಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ನಿಂತರೂ ಪ್ರಮಾಣದ ದೊಡ್ಡ ಪಾಲು ಹೋದಂತೆ.

ಭಾರತದಲ್ಲಿ ಈ ಸಣ್ಣ ಅಳತೆಗೆ ಇನ್ನೊಂದು ತೊಡಕಿದೆ. ಇಡೀ ವಿಷಯದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಇಲ್ಲೇ. ನಮ್ಮಲ್ಲಿ ಇನ್ಸುಲಿನ್ ಎರಡು ಗಾಢತೆಯಲ್ಲಿ ಸಿಗುತ್ತದೆ. ಹಳೆಯ ಕಾಲದಿಂದ ಬಂದ ಶೀಶೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್, ಗ್ಲಾರ್ಜಿನ್‌ನಂಥವುಗಳಲ್ಲಿ 100. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಖಾನೆಯಲ್ಲಿ ಇರುತ್ತವೆ. ಮನೆಯ ಹಿರಿಯರಿಗೂ ಸಕ್ಕರೆ ಕಾಯಿಲೆ ಇದ್ದರೆ ಒಂದೇ ಫ್ರಿಜ್ಜಿನಲ್ಲೂ ಇರುತ್ತವೆ. ಗ್ಲಾರ್ಜಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡಲ್ಲ, ಐದು ಯೂನಿಟ್. ಪುಟ್ಟ ಬೆಕ್ಕಿಗೆ ಅಷ್ಟು ಸಾಕು, ಪ್ರಾಣಕ್ಕೇ ಕುತ್ತು. ತಿರುಗುಮುರುಗಾದರೆ ಎರಡರ ಬದಲು 0.8 ಯೂನಿಟ್ ಹೋಗಿ, ಮದ್ದು ನಾಟುತ್ತಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಕೊಳ್ಳುವಾಗ ಶೀಶೆಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಅಕ್ಕಪಕ್ಕ ಹಿಡಿದು ಓದಬೇಕು. ಅಂಗಡಿಯವರು ಎರಡೂ ಒಂದೇ ಅಂದರೆ ನಂಬಬಾರದು. ಬೆಕ್ಕಿಗೆ ಒಪ್ಪುವುದು 0.3 ಮಿಲಿಲೀಟರಿನ, ಅರ್ಧ ಯೂನಿಟ್ಟಿಗೂ ಗೆರೆಯಿರುವ, 100 ಗಾಢತೆಯ ಸಿರಿಂಜು. ಗ್ಲಾರ್ಜಿನ್‌ನಲ್ಲೇ ಮಿಲಿಲೀಟರಿಗೆ 300 ಯೂನಿಟ್ಟಿನ ತೂಜಿಯೋ ಎಂಬುದೂ ಇದೆ. ಅದನ್ನು ಅದರ ಪೆನ್ನಿನಿಂದ ಸಿರಿಂಜಿಗೆ ಎಂದೂ ಎಳೆಯಬಾರದು.

ಹೊಸ ಶೀಶೆಯೂ ಪೆನ್ನಿನ ಕಾರ್ಟ್ರಿಜ್ಜೂ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು; ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಹತ್ತು ಮಿಲಿಲೀಟರಿನ ಶೀಶೆಯಲ್ಲಿ 1000 ಯೂನಿಟ್ ಇರುತ್ತದೆ. ದಿನಕ್ಕೆ ಎರಡೇ ಯೂನಿಟ್ ಸಾಕಾಗುವ ಬೆಕ್ಕಿಗೆ ಅದು ವರ್ಷ ದಾಟಿದರೂ ಮುಗಿಯದು. ತೆರೆದದ್ದರ ಬಾಳಿಕೆ ಚೀಟಿಯ ಪ್ರಕಾರ 28 ದಿನ. ಆದ್ದರಿಂದ ಮೂರು ಮಿಲಿಲೀಟರಿನ ಕಾರ್ಟ್ರಿಜ್ ಕೊಳ್ಳುವುದು ಜಾಣತನ. 2015ರ ಡಿಸೆಂಬರಿನ ನೆರೆಯಲ್ಲೂ 2023ರ ಮಿಚಾಂಗ್ ಚಂಡಮಾರುತದಲ್ಲೂ ಚೆನ್ನೈನ ಎಷ್ಟೋ ಬೀದಿಗಳಿಗೆ ದಿನಗಟ್ಟಲೆ ಕರೆಂಟು ಇರಲಿಲ್ಲ. ಅಂಥ ಹೊತ್ತಿಗೆ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಹೊರಗಿನ ಸೆಕೆಗಿಂತ ಎಷ್ಟೋ ತಂಪು.

ಚುಚ್ಚುವುದು ಕಲಿಯಲು ಎರಡು ದಿನ ಸಾಕು. ಧೈರ್ಯ ಬರಲು ಒಂದು ವಾರ ಬೇಕು. ಬೆಕ್ಕು ಮೊದಲು ಉಣ್ಣಬೇಕು. ಅದು ತಟ್ಟೆಗೆ ಮುಖ ಇಟ್ಟಿರುವಾಗಲೇ ಪಕ್ಕೆಯ ಸಡಿಲ ಚರ್ಮವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿದರೆ ಪುಟ್ಟ ಡೇರೆಯಂತಾಗುತ್ತದೆ. ಸೂಜಿ ಆ ಡೇರೆಯ ಬುಡಕ್ಕೆ ಹೋಗಬೇಕು. ಇನ್ನೊಂದು ಬದಿಯಿಂದ ಹೊರಬಂದರೆ ತುಪ್ಪಳ ಒದ್ದೆಯಾಗಿ ಔಷಧದ ವಾಸನೆ ಬರುತ್ತದೆ. ಹಾಗಾದರೆ ಏನು ಮಾಡಬೇಕು? ಏನೂ ಮಾಡಬಾರದು. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲದಾಗ ಇನ್ನೊಮ್ಮೆ ಚುಚ್ಚದೆ ಮುಂದಿನ ಹೊತ್ತಿಗೆ ಕಾಯಬೇಕು. ಒಂದು ಹೊತ್ತು ತಪ್ಪಿದರೆ ಬೆಕ್ಕು ಸಾಯುವುದಿಲ್ಲ. ಎರಡು ಹೊತ್ತಿನದು ಒಮ್ಮೆಗೇ ಹೋದರೆ ಸಾಯಬಹುದು. ದಿನಕ್ಕೊಂದು ಜಾಗ ಬದಲಿಸಬೇಕು.

ದೊಡ್ಡ ಕುಟುಂಬಗಳಲ್ಲಿ ನಿಜವಾದ ಅಪಾಯ ಮರೆವಿಗಿಂತ ಹೆಚ್ಚಾಗಿ ಎರಡು ಸಲ ಕೊಡುವುದು. ಅಮ್ಮ ಏಳಕ್ಕೆ ಚುಚ್ಚಿರುತ್ತಾರೆ. ಏಳೂವರೆಗೆ ಎದ್ದ ಮಗ ತಾನೂ ಚುಚ್ಚುತ್ತಾನೆ. ಚೆನ್ನೈನ ಬಹುತೇಕ ಮನೆಗಳ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತದೆ. ಬೆಳಗಿನ ಸೂಜಿಗೆ ಅದರ ಎಡ ಮೂಲೆಯಲ್ಲಿ ಒಂದು ಗುರುತು, ರಾತ್ರಿಯದಕ್ಕೆ ಬಲ ಮೂಲೆಯಲ್ಲಿ ಒಂದು, ಪಕ್ಕದಲ್ಲಿ ಯೂನಿಟ್ಟಿನ ಸಂಖ್ಯೆ, ಇಷ್ಟೇ ಸಾಕು. ಹರಿದ ಹಾಳೆಗಳನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿಟ್ಟರೆ ವೇಪೇರಿಗೆ ಒಯ್ಯಲು ದಾಖಲೆಯೂ ಸಿದ್ಧ.

ಪ್ರಮಾಣ ಏರಿಸುವ ನಿರ್ಧಾರ ಒಂದು ದಿನದ ಅಂಕಿಯಿಂದ ಆಗತಕ್ಕದ್ದಲ್ಲ. ಆರೋಗ್ಯವಂತ ಬೆಕ್ಕೂ ಆಟೋದಲ್ಲಿ ಕೂತು ಆಸ್ಪತ್ರೆಗೆ ಬಂದರೆ ಹೆದರಿಕೆಗೇ ಸಕ್ಕರೆ 300 ಮುಟ್ಟಬಹುದು. ಮನೆಯ ಅಳತೆಗೆ ಬೆಲೆ ಹೆಚ್ಚು ಎನ್ನುವುದು ಇದಕ್ಕೇ. ಕಿವಿಯಂಚನ್ನು ಬೆಚ್ಚನೆಯ ಬಟ್ಟೆಯಿಂದ ಒತ್ತಿ, ಹಿಂದೆ ಹತ್ತಿ ಹಿಡಿದು, ಅಂಚಿನ ರಕ್ತನಾಳದ ಪಕ್ಕ ಚುಚ್ಚಿದರೆ ಮಣಿಯಂಥ ರಕ್ತದ ಹನಿ ಮೂಡುತ್ತದೆ. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬೆಕ್ಕಿನ ರಕ್ತದಲ್ಲಿ ಗ್ಲುಕೋಸಿನ ಬಹುಪಾಲು ಕೆಂಪುಕಣಗಳಲ್ಲಿರದೆ ಪ್ಲಾಸ್ಮಾದಲ್ಲಿರುವುದೇ ಕಾರಣ. ಯಾವ ಮೀಟರ್ ಎಂಬುದನ್ನು ವೈದ್ಯರಿಗೆ ಹೇಳಿ, ಕೊನೆಯವರೆಗೂ ಅದನ್ನೇ ಬಳಸಬೇಕು. ಸೂಜಿ ಕೊಟ್ಟ ಮೇಲೆ ಎರಡು ಗಂಟೆಗೊಮ್ಮೆ, 12 ಗಂಟೆ ಅಳೆದು ಬರೆದರೆ ಸಕ್ಕರೆಯ ಏರಿಳಿತದ ಗೆರೆ ಸಿಗುತ್ತದೆ. ಅದರಲ್ಲಿ ಮುಖ್ಯವಾದದ್ದು ಅತಿ ತಗ್ಗಿನ ಅಂಕಿ. ಅದು 80ರಿಂದ 150 ಮಿಲಿಗ್ರಾಂ ನಡುವೆ ಇದ್ದರೆ ಪ್ರಮಾಣ ಸರಿಯಾಗಿದೆ. ಅದಕ್ಕಿಂತ ಮೇಲಿದ್ದರೆ ವೈದ್ಯರು ಅರ್ಧ ಯೂನಿಟ್ ಏರಿಸುತ್ತಾರೆ, ಮುಂದಿನ ಬದಲಾವಣೆಗೆ ಕನಿಷ್ಠ ಒಂದು ವಾರ ಕಾಯುತ್ತಾರೆ. ಕೆಳಗಿದ್ದರೆ ಕಾಯದೆ ಇಳಿಸುತ್ತಾರೆ. ಹದಿನಾಲ್ಕು ದಿನದ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಬೆಕ್ಕಿನ ಬೋಳಿಸಿದ ಪಕ್ಕೆಗೂ ಅಂಟುತ್ತದೆ, ಆದರೆ ಎಷ್ಟೋ ಸಲ ಬೇಗ ಕಳಚಿಬೀಳುತ್ತದೆ. ಕಳೆದ ಒಂದೆರಡು ವಾರಗಳ ಸರಾಸರಿ ತಿಳಿಯಲು ಫ್ರಕ್ಟೋಸಮೈನ್ ಪರೀಕ್ಷೆಯಿದೆ.

ಸಕ್ಕರೆ 60ಕ್ಕಿಂತ ಕೆಳಗೆ ಹೋದರೆ ಅಪಾಯ. ಬೆಕ್ಕು ತೂರಾಡುತ್ತದೆ, ಗೋಡೆ ನೋಡುತ್ತಾ ನಿಲ್ಲುತ್ತದೆ, ಕೂಗಿದರೆ ಓಗೊಡುವುದಿಲ್ಲ, ಕೊನೆಗೆ ಫಿಟ್ಸ್ ಬರುತ್ತದೆ. ಎಚ್ಚರವಿದ್ದರೆ ತಕ್ಷಣ ಊಟ ಇಡಬೇಕು. ತಿನ್ನದಿದ್ದರೆ ಜೇನುತುಪ್ಪವನ್ನೋ ನೀರಲ್ಲಿ ಕಲಸಿದ ಗ್ಲುಕೋಸ್ ಪುಡಿಯನ್ನೋ ಬೆರಳಿನಿಂದ ಒಸಡಿಗೆ ಸವರಬೇಕು; ಪ್ರಜ್ಞೆಯಿಲ್ಲದ ಪ್ರಾಣಿಯ ಬಾಯಿಗೆ ಸುರಿಯಬಾರದು, ಉಸಿರ್ಕೊಳವೆಗೆ ಹೋದೀತು. ಸವರುತ್ತಲೇ ಆಸ್ಪತ್ರೆಗೆ ಹೊರಡಬೇಕು. ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು, ಏಕೆಂದರೆ ಚರ್ಮದಡಿಯ ಇನ್ಸುಲಿನ್ ಇನ್ನೂ ಕರಗುತ್ತಿರುತ್ತದೆ. ಇದರ ಎದುರು ತುದಿಯ ತುರ್ತು ಕೀಟೋಅಸಿಡೋಸಿಸ್: ವಾಂತಿ, ಅನ್ನ ನೀರು ಬಿಡುವುದು, ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರವದ ವಾಸನೆ. ಊಟ ಬಿಟ್ಟ ಬೆಕ್ಕಿಗೆ ಎಂದಿನ ಪೂರ್ಣ ಪ್ರಮಾಣ ಕೊಡಬಾರದು. ಅರ್ಧವೋ ಏನೂ ಬೇಡವೋ ಎಂದು ವೈದ್ಯರಿಗೆ ಫೋನು ಮಾಡಿ ಕೇಳಬೇಕು.

ಊಟದ ವಿಷಯದಲ್ಲಿ ನಮ್ಮ ಮನೆಗಳು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಚೆನ್ನೈನ ಕನ್ನಡದ ಮನೆಗಳಲ್ಲೂ ತಮಿಳು ಮನೆಗಳಲ್ಲೂ ಬೆಕ್ಕಿಗೆ ಸಲ್ಲುವುದು ಹಾಲು, ಮೊಸರನ್ನ. ಬೆಕ್ಕು ಮಾಂಸಾಹಾರಕ್ಕೇ ಹುಟ್ಟಿದ ಪ್ರಾಣಿ. ಅನ್ನದ ಪಿಷ್ಟ ಅದರ ಸಕ್ಕರೆಯನ್ನು ನೇರ ಏರಿಸುತ್ತದೆ. ಒಣ ಕಾಳಿನ ಆಹಾರದಲ್ಲೂ ಪಿಷ್ಟ ಹೆಚ್ಚು. ಪಿಷ್ಟ ಕಡಿಮೆಯಿರುವ ಡಬ್ಬಿ ಆಹಾರ, ಬೇಯಿಸಿದ ಕೋಳಿ, ಚಿಂತಾದ್ರಿಪೇಟೆಯ ಮಾರುಕಟ್ಟೆಯಿಂದ ತಂದು ಬೇಯಿಸಿದ ಮೀನು ಒಳ್ಳೆಯವು. ಬರೀ ಮನೆಯ ಮಾಂಸವಾದರೆ ಟಾರಿನ್ ಎಂಬ ಅಮೈನೋ ಆಮ್ಲ ಕಡಿಮೆಬಿದ್ದು ಹೃದಯಕ್ಕೂ ಕಣ್ಣಿಗೂ ತೊಂದರೆ. ವೈದ್ಯರ ಸಲಹೆಯಂತೆ ಅದನ್ನು ಸೇರಿಸಬೇಕು. ಒಂದು ಮಾತನ್ನು ಒತ್ತಿ ಹೇಳಬೇಕಿದೆ: ಇನ್ಸುಲಿನ್ ನಡೆಯುತ್ತಿರುವಾಗ ಮೊಸರನ್ನವನ್ನು ಒಮ್ಮೆಲೇ ನಿಲ್ಲಿಸಿದರೆ ನಿನ್ನೆಯ ಪ್ರಮಾಣ ಇಂದಿಗೆ ಹೆಚ್ಚಾಗುತ್ತದೆ. ಆಹಾರ ಬದಲಾಯಿಸುವ ಮೊದಲೇ ವೈದ್ಯರಿಗೆ ತಿಳಿಸಿ ಪ್ರಮಾಣ ತಗ್ಗಿಸಬೇಕಾಗಬಹುದು.

ಪ್ರಮಾಣ ಏರಿಸುತ್ತಾ ಹೋದರೂ ಸಕ್ಕರೆ ಜಗ್ಗದಿದ್ದರೆ ಕಾರಣ ಬೇರೆಡೆ ಹುಡುಕಬೇಕು: ಕೊಳೆತ ಹಲ್ಲು, ಮೂತ್ರನಾಳದ ಸೋಂಕು, ಮೇದೋಜೀರಕದ ಉರಿಯೂತ, ತುರಿಕೆಗೆಂದು ಕೊಟ್ಟ ಸ್ಟಿರಾಯ್ಡ್. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಿಂದ ಬೆಳವಣಿಗೆಯ ಹಾರ್ಮೋನು ಅತಿಯಾಗುವುದೂ ಉಂಟು. ಬ್ರಿಟನ್ನಿನ 2015ರ ಅಧ್ಯಯನವೊಂದು ಮಧುಮೇಹಿ ಬೆಕ್ಕುಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಇದನ್ನು ಅಂದಾಜಿಸಿತು. ಅಮೆರಿಕದಲ್ಲಿ 2022ರಿಂದ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ ಒಪ್ಪಿಗೆಯಿದೆ. ಅದು ಹಿಂದೆ ಇನ್ಸುಲಿನ್ ಪಡೆಯದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ.

ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಬೇಕು. 2016ರ ಘನತ್ಯಾಜ್ಯ ನಿಯಮಗಳು ಇದನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಎಣಿಸಿದ್ದವು. ಬಿಡಿ ಸೂಜಿ ಕಸದ ಬುಟ್ಟಿಗೆ ಬಿದ್ದರೆ ಚುಚ್ಚುವುದು ಬೆಳಿಗ್ಗೆ ಬರುವ ಪೌರಕಾರ್ಮಿಕರ ಕೈಗೆ.

ಬೆಕ್ಕಿನ ಮಧುಮೇಹದಲ್ಲಿ ಆಶಾದಾಯಕವಾದ ಸಂಗತಿಯೊಂದಿದೆ: ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಂತುಹೋಗುತ್ತದೆ. ರೂಂಪ್ ಮತ್ತು ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲೇ ಸಕ್ಕರೆ ಅಳೆಯುತ್ತಾ ಗ್ಲಾರ್ಜಿನ್ ಕೊಟ್ಟ 55 ಬೆಕ್ಕುಗಳ ಪೈಕಿ ಶೇ. 64ರಷ್ಟು ಈ ಸ್ಥಿತಿ ಮುಟ್ಟಿದವು. ರೋಗ ತಿಳಿದ ಆರು ತಿಂಗಳೊಳಗೆ ಬಿಗಿ ಚಿಕಿತ್ಸೆ ಆರಂಭಿಸಿದವುಗಳಲ್ಲಿ ಇದು ಶೇ. 84; ತಡವಾದವುಗಳಲ್ಲಿ ಶೇ. 35. ಬೇಕಾಗುವ ಪ್ರಮಾಣ ಎರಡರಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಯುತ್ತಾ ಬರುವುದು ಇದರ ಮುನ್ಸೂಚನೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದ ಮನೆಗಳಲ್ಲಿ ಬೆಕ್ಕಿನ ಸಕ್ಕರೆ ಕುಸಿಯುವುದೂ ಬಹುತೇಕ ಈ ದಿನಗಳಲ್ಲೇ. ಸೂಜಿ ನಿಂತ ಮೇಲೂ ಮೊಸರನ್ನ ಮರಳಿ ಬರಬಾರದು, ತೂಕ ಏರಬಾರದು, ಸ್ಟಿರಾಯ್ಡ್ ಕೊಡುವ ಮುನ್ನ ಬೆಕ್ಕಿನ ಹಿಂದಿನ ಕಾಯಿಲೆಯನ್ನು ವೈದ್ಯರಿಗೆ ನೆನಪಿಸಬೇಕು. ನೀರಿನ ಬಟ್ಟಲು ಎಂದಿಗಿಂತ ಬೇಗ ಖಾಲಿಯಾಗತೊಡಗಿದರೆ ಅದೇ ದಿನ ಕಿವಿಯಂಚಿನ ಒಂದು ಹನಿ ರಕ್ತ ನೋಡಬೇಕು.