ಕೊಳವೆಯೊಳಗಿನ ಘರ್ಷಣೆ ತಗ್ಗಿಸುವ ಸಂಶೋಧನೆ

ಕೊಳವೆಯಲ್ಲಿ ಹರಿಯುವ ನೀರು ದಾರಿಯುದ್ದಕ್ಕೂ ಒತ್ತಡ ಕಳೆದುಕೊಳ್ಳುತ್ತದೆ. ಪಂಪುಗಳು ಹೀರುವ ವಿದ್ಯುತ್ತಿನ ದೊಡ್ಡ ಪಾಲು ಈ ನಷ್ಟ ತುಂಬಲೆಂದೇ ವೆಚ್ಚವಾಗುತ್ತದೆ. ಡಿಜೋನ್ ಪಟ್ಟಣಕ್ಕೆ ನೀರು ತಂದ ಫ್ರೆಂಚ್ ಎಂಜಿನಿಯರ್ ಹೆನ್ರಿ ಡಾರ್ಸಿ, ಒಳಮೈ ಒರಟಾದಷ್ಟೂ ನಷ್ಟ ಹೆಚ್ಚುತ್ತದೆಂದು 1857ರ ತಮ್ಮ ಗ್ರಂಥದಲ್ಲಿ ಅಳೆದು ತೋರಿಸಿದರು. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟರು. ವೇಗ ಕಡಿಮೆಯಿದ್ದಾಗ ಎಳೆ ನೆಟ್ಟಗೆ ಸಾಗಿತು. ವೇಗ ಒಂದು ಮಿತಿ ದಾಟಿದೊಡನೆ ಸುಳಿಗಳಲ್ಲಿ ಕದಡಿಹೋಯಿತು.

ಮುಂದೆ ಗ್ಯೋಟಿಂಗೆನ್‌ನ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರು ಈ ಕೆಲಸವನ್ನು ಕೈಗೆತ್ತಿಕೊಂಡರು. ಬ್ಲಾಸಿಯಸ್ 1913ರಲ್ಲಿ ನುಣುಪು ಕೊಳವೆಗಳಿಗೆ ಸೂತ್ರ ಕೊಟ್ಟರು. ನಿಕುರಾಡ್ಸೆ ಕೊಳವೆಗಳ ಒಳಮೈಗೆ ಮರಳು ಅಂಟಿಸಿ ಅಳೆದ ಫಲಿತಾಂಶಗಳು 1933ರಲ್ಲಿ ಹೊರಬಂದವು. ಗೋಡೆಯನ್ನು ಎಷ್ಟು ನಯಗೊಳಿಸಿದರೂ ಸುಳಿಗಳಿಂದಾಗುವ ನಷ್ಟ ಉಳಿದೇ ಉಳಿಯುತ್ತದೆ. ಹಾಗಾಗಿ ಮದ್ದು ಬೇಕಿದ್ದುದು ಗೋಡೆಗಲ್ಲ, ದ್ರವಕ್ಕೆ.

ಆ ಮದ್ದನ್ನು ಬ್ರಿಟನ್ನಿನ ಬಿ. ಎ. ಟಾಮ್ಸ್ 1948ರಲ್ಲಿ ವರದಿ ಮಾಡಿದರು. ದ್ರಾವಕಕ್ಕೆ ತುಸುವೇ ಪಾಲಿಮರ್ ಬೆರೆಸಿದಾಗ, ಅದೇ ಒತ್ತಡದಲ್ಲಿ ಶುದ್ಧ ದ್ರಾವಕಕ್ಕಿಂತ ಹೆಚ್ಚು ದ್ರವ ಹರಿಯಿತು. ಸ್ನಿಗ್ಧತೆ ಹೆಚ್ಚಿಸುವ ವಸ್ತುವೇ ಹರಿವನ್ನು ಸಲೀಸು ಮಾಡಿದ್ದು ಇಂದಿಗೂ ಬೆರಗಿನ ಸಂಗತಿ. ಗೋಡೆಯ ಸಮೀಪದ ಸುಳಿಗಳಲ್ಲಿ ಪಾಲಿಮರಿನ ಉದ್ದನೆಯ ಅಣುಸರಪಳಿಗಳು ಹಿಗ್ಗುತ್ತವೆ, ಸುಳಿಗಳ ಬಲ ಕುಂದುತ್ತದೆ.

ಈ ವಿದ್ಯಮಾನಕ್ಕೆ ಖಚಿತ ಚೌಕಟ್ಟು ಸಿಕ್ಕಿದ್ದು ಒಬ್ಬ ವಿದ್ಯಾರ್ಥಿಯಿಂದ. ಅಮೆರಿಕದ ಎಂಐಟಿಯಲ್ಲಿ ಪಿ. ಎಸ್. ವಿರ್ಕ್ 1966ರಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದರು. ಮರುವರ್ಷ ಫಲಿತಾಂಶಗಳು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾದವು. ನೀರು ನೆಟ್ಟಗೆ ಹರಿಯುವಾಗ ಪಾಲಿಮರಿನಿಂದ ಲಾಭವಿಲ್ಲ. ಸುಳಿಯ ಹರಿವಿನಲ್ಲೂ ಗೋಡೆಯ ಮೇಲಿನ ಎಳೆತ ಒಂದು ಮಟ್ಟ ಮುಟ್ಟಿದ ಮೇಲೆಯೇ ಪರಿಣಾಮ ಶುರುವಾಗುತ್ತದೆ. ಯಾವ ಪಾಲಿಮರ್ ಆಗಲಿ, ಕೊಳವೆ ಎಷ್ಟೇ ಅಗಲವಿರಲಿ, ಘರ್ಷಣೆ ಒಂದು ಗೆರೆಗಿಂತ ಕೆಳಗಿಳಿಯದು. ಆ ಗೆರೆಗೆ ಇಂದು ವಿರ್ಕ್ ಅವರದೇ ಹೆಸರಿದೆ. ವಿದ್ಯಾರ್ಥಿ ಪ್ರಬಂಧವೊಂದು ಇಡೀ ಕ್ಷೇತ್ರಕ್ಕೆ ಅಳತೆಗೋಲಾದ ಇಂಥ ಉದಾಹರಣೆ ಅಪರೂಪ.

1960ರ ದಶಕದ ಕೊನೆಗೆ ನ್ಯೂಯಾರ್ಕಿನ ಅಗ್ನಿಶಾಮಕ ದಳ ಪಾಲಿಮರ್ ಬೆರೆಸಿದ ನೀರನ್ನು ಪರೀಕ್ಷಿಸಿತು. 1979ರಲ್ಲಿ ಅಲಾಸ್ಕಾದ ಸುಮಾರು 1,290 ಕಿಲೋಮೀಟರ್ ಉದ್ದದ ತೈಲ ಕೊಳವೆಮಾರ್ಗದಲ್ಲಿ ಪಾಲಿಮರ್ ಬಳಕೆ ಆರಂಭವಾಯಿತು. ಕುಡಿಯುವ ನೀರಿನ ಜಾಲಕ್ಕೆ ಮಾತ್ರ ಅದು ಒಗ್ಗಲಿಲ್ಲ: ಪಂಪಿನ ರಭಸಕ್ಕೆ ಸರಪಳಿಗಳು ತುಂಡಾಗುತ್ತವೆ, ಬೆರೆಸಿದ್ದನ್ನು ಜನ ಕುಡಿಯಬೇಕಾಗುತ್ತದೆ. ಮುರಿದರೂ ಮತ್ತೆ ಕೂಡಿಕೊಳ್ಳುವ ಸಾಬೂನಿನಂಥ ಅಣುಗಳನ್ನು ಕಟ್ಟಡಗಳನ್ನು ಬೆಚ್ಚಗಿಡುವ ಬಿಸಿನೀರಿನ ಸುತ್ತುಜಾಲಗಳಲ್ಲಿ ಪ್ರಯೋಗಿಸಲಾಗಿದೆ.