ಹೆಸರಿಲ್ಲದ ಕಾಮಾಲೆ

ಕಾಮಾಲೆಯೆಂಬುದು ನಮ್ಮ ಜನಕ್ಕೆ ಹೊಸ ರೋಗವಲ್ಲ. ಋಗ್ವೇದದ ಮೊದಲನೆಯ ಮಂಡಲದಲ್ಲಿ ಋಷಿಯೊಬ್ಬನು ಸೂರ್ಯನನ್ನು ಕುರಿತು, ತನ್ನ ಮೈಯ ಹಳದಿಯನ್ನು ತೆಗೆದು ಗಿಳಿಗಳ ಮೇಲೆ ಇಡಬೇಕೆಂದು ಬೇಡಿಕೊಳ್ಳುತ್ತಾನೆ. ಚರಕಸಂಹಿತೆಯಲ್ಲಿ ಕಾಮಲಾ ರೋಗದ ಲಕ್ಷಣಗಳೂ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಜಲೋದರದ ವಿವರವೂ ಉಂಟು. ಕಣ್ಣಿಗೆ ಕಾಣುವ ಹಳದಿಗೆ ಹೀಗೆ ಬಲು ಹಿಂದೆಯೇ ಹೆಸರು ದೊರೆಯಿತು. ಆದರೆ ಯಾರ ಕಣ್ಣಿಗೂ ಬೀಳದೆ, ಇಪ್ಪತ್ತು ಮೂವತ್ತು ವರ್ಷ ಯಕೃತ್ತನ್ನು ಗೆದ್ದಲಿನಂತೆ ಒಳಗೊಳಗೇ ತಿನ್ನುವ ಇನ್ನೊಂದು ವ್ಯಾಧಿಯಿದೆ. ಅದಕ್ಕೆ 1989ನೆಯ ಇಸವಿಯವರೆಗೆ ತನ್ನದೆಂಬ ಹೆಸರೇ ಇರಲಿಲ್ಲ. ಈಗ ಅದನ್ನು ಹೆಪಟೈಟಿಸ್ ಸಿ ಎನ್ನುತ್ತಾರೆ.

ಹೆಸರಿಲ್ಲದಿದ್ದರೆ ಏನಾಯಿತು ಎನ್ನಬಹುದು. ವೈದ್ಯರು ಹೆಸರಿಡದ ರೋಗಕ್ಕೆ ಊರಿನವರು ಹೆಸರಿಡುತ್ತಾರೆ. ಆ ಹೆಸರು ರೋಗಕ್ಕೆ ಅಂಟದೆ ರೋಗಿಗೆ ಅಂಟುತ್ತದೆ. ಇದನ್ನು ನಾನು ನನ್ನ ಸೋದರಮಾವನವರ ಬಾಳಿನಲ್ಲಿ ಕಂಡೆ.

1988ರ ಸುಗ್ಗಿಯಲ್ಲಿ ಹುಲ್ಲಿನ ಗಾಡಿ ಮಗುಚಿ ಮಾವನವರ ತೊಡೆಯ ಮೂಳೆ ಮುರಿಯಿತು. ಪೇಟೆಯ ಆಸ್ಪತ್ರೆಯಲ್ಲಿ ಎರಡು ಬಾಟಲು ರಕ್ತ ಕೊಟ್ಟು ಉಳಿಸಿದರು. ಆಮೇಲೆ ಇಪ್ಪತ್ತೈದು ವರ್ಷ ಅವರು ಉತ್ತರು, ಬಿತ್ತರು, ಮಕ್ಕಳ ಮದುವೆ ಮಾಡಿದರು. 2013ರಲ್ಲಿ ಹೊಟ್ಟೆ ಉಬ್ಬಿತು, ಕಾಲು ಬಾತುಕೊಂಡಿತು, ಒಂದು ರಾತ್ರಿ ರಕ್ತ ಕಾರಿಕೊಂಡರು. ಊರಿನ ಜಗಲಿಗಳಲ್ಲಿ ಒಂದೇ ಮಾತು: ಗುಟ್ಟಾಗಿ ಕುಡಿಯುತ್ತಿದ್ದಿರಬೇಕು. ಹೆಂಡದ ವಾಸನೆಯನ್ನೂ ಸಹಿಸದ ಮನುಷ್ಯ ಅವರು. ಮಕ್ಕಳಿಗೆ ನೀತಿಪದ್ಯ ಹೇಳಿಕೊಡುವ ನಾನೂ ಒಂದು ಗಳಿಗೆ ಹಾಗೆಯೇ ಎಣಿಸಿದೆನೆಂದು ಒಪ್ಪಿಕೊಳ್ಳಬೇಕು. ರಕ್ತಪರೀಕ್ಷೆಯ ಕಾಗದ ಬಂದ ದಿನ ಮಾವನವರು ನನ್ನ ಮುಖ ನೋಡಿ, "ನೀನೂ ಹಂಗೇ ಅನ್ಕೊಂಡಿದ್ದೇನಪ್ಪಾ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾಗದದಲ್ಲಿದ್ದ ಒಂದು ಅಕ್ಷರದ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿದೆಯೆಂದು ಆಮೇಲೆ ಓದಿ ತಿಳಿದೆನು.

ಆ ಚರಿತ್ರೆಯ ಆರಂಭ ವಿಚಿತ್ರವಾದುದು. 1883ರಲ್ಲಿ ಜರ್ಮನಿಯ ಬ್ರೆಮೆನ್ ಪಟ್ಟಣದ ಹಡಗುಕಟ್ಟೆಯ 1289 ಮಂದಿ ಕೆಲಸಗಾರರಿಗೆ ಸಿಡುಬಿನ ಲಸಿಕೆ ಹಾಕಿದರು. ಆ ಲಸಿಕೆ ಮನುಷ್ಯದೇಹದ ದ್ರವದಿಂದ ಮಾಡಿದುದು. ಕೆಲವು ವಾರ, ತಿಂಗಳುಗಳೊಳಗೆ ಅವರಲ್ಲಿ 191 ಮಂದಿಗೆ ಕಾಮಾಲೆ ಬಂದಿತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಪೀತಜ್ವರದ ಲಸಿಕೆಯಲ್ಲಿ ಮನುಷ್ಯರಕ್ತದ ಅಂಶ ಬೆರೆತಿತ್ತು. ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದರು. ನೀರು ಆಹಾರಗಳ ಮೂಲಕ ಬರುವ ಕಾಮಾಲೆ ಒಂದು, ರಕ್ತದ ಮೂಲಕ ಬರುವುದು ಇನ್ನೊಂದು ಎಂಬುದು ಇಂಥ ಅನಾಹುತಗಳಿಂದ ತಿಳಿಯಿತು. 1947ರಲ್ಲಿ ಇವೆರಡಕ್ಕೂ ಎ, ಬಿ ಎಂಬ ಹೆಸರುಗಳು ಬಂದುವು. ಬಿ ರೋಗದ ಗುರುತನ್ನು ಬರೂಚ್ ಬ್ಲಂಬರ್ಗ್ 1960ರ ದಶಕದಲ್ಲಿ ಪತ್ತೆಮಾಡಿದರು; ಎ ರೋಗದ ವೈರಸ್ಸು 1973ರಲ್ಲಿ ಕಂಡಿತು.

ಇನ್ನು ಎಲ್ಲವೂ ತಿಳಿಯಿತೆಂದು ವೈದ್ಯರು ಉಸಿರುಬಿಡುವಂತಿರಲಿಲ್ಲ. ಅಮೆರಿಕದ ಬೆಥೆಸ್ಡಾದಲ್ಲಿ ಹಾರ್ವಿ ಆಲ್ಟರ್ ಎಂಬ ವೈದ್ಯರು ರಕ್ತ ಪಡೆದ ರೋಗಿಗಳ ಮಾದರಿಗಳನ್ನು ವರ್ಷವರ್ಷವೂ ಹಿಮದಂತೆ ಹೆಪ್ಪುಗಟ್ಟಿಸಿ ಕಾಪಾಡುತ್ತಿದ್ದರು. ಅವನ್ನು ಪರೀಕ್ಷಿಸಿದಾಗ ಬಹುಪಾಲು ಕಾಮಾಲೆಗಳು ಎ ಅಲ್ಲ, ಬಿಯೂ ಅಲ್ಲ. 1975ರಲ್ಲಿ ಅವರು ಹಾಗೆಯೇ ಪ್ರಕಟಿಸಿದರು. ರೋಗದ ಹೆಸರೇ 'ಎ-ಅಲ್ಲದ, ಬಿ-ಅಲ್ಲದ' ಎಂದಾಯಿತು. ಉಪನಿಷತ್ತು ಬ್ರಹ್ಮವನ್ನು 'ನೇತಿ ನೇತಿ' ಎಂದು ಹೇಳುವುದುಂಟು. ಬ್ರಹ್ಮಜ್ಞಾನಕ್ಕೆ ಅದು ಸಾಕಾಗಬಹುದು, ರಕ್ತಪರೀಕ್ಷೆಗೆ ಸಾಲದು. ಏನಲ್ಲವೆಂಬುದು ತಿಳಿದರೆ ಬಾಟಲಿನಲ್ಲಿ ಏನಿದೆಯೆಂದು ಹೇಳಲಾಗುವುದಿಲ್ಲ. ಮಾವನವರಿಗೆ ರಕ್ತ ಕೊಟ್ಟ ವರ್ಷ ಪ್ರಪಂಚದ ಯಾವ ರಕ್ತನಿಧಿಯಲ್ಲಿಯೂ ಈ ರೋಗಕ್ಕೆ ಪರೀಕ್ಷೆಯಿರಲಿಲ್ಲ. ಉಳಿಸಿದವರ ತಪ್ಪಲ್ಲ, ಉಳಿದವರ ತಪ್ಪೂ ಅಲ್ಲ.

ಅದೇ ಸುಮಾರಿಗೆ ಕ್ಯಾಲಿಫೋರ್ನಿಯದ ಒಂದು ಪ್ರಯೋಗಶಾಲೆಯಲ್ಲಿ ಮೈಕೆಲ್ ಹೌಟನ್ ಮತ್ತು ಅವರ ಸಂಗಡಿಗರು, ರೋಗ ಹತ್ತಿದ ಚಿಂಪಾಂಜಿಯ ರಕ್ತದಿಂದ ಲಕ್ಷಗಟ್ಟಲೆ ತುಣುಕುಗಳನ್ನು ಶೋಧಿಸಿ, ವೈರಸ್ಸಿಗೆ ಸೇರಿದ ಒಂದು ತುಣುಕನ್ನು ಹಿಡಿದರು. 1989ರಲ್ಲಿ ಅದಕ್ಕೆ ಸಿ ಎಂಬ ಹೆಸರಾಯಿತು. ಹೊಸ ಪರೀಕ್ಷೆ ನಿಜವೆಂದು ಸಿದ್ಧವಾದುದು ಆಲ್ಟರ್ ಕಾಪಾಡಿದ್ದ ಹಳೆಯ ಮಾದರಿಗಳಿಂದಲೇ. ಈ ವೈರಸ್ಸೊಂದೇ ರೋಗವನ್ನು ತರಬಲ್ಲುದೆಂದು 1997ರಲ್ಲಿ ಚಾರ್ಲ್ಸ್ ರೈಸ್ ತೋರಿಸಿಕೊಟ್ಟರು. ಈ ಮೂವರಿಗೂ 2020ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಔಷಧದ ಕಥೆಯೂ ಇಷ್ಟೇ ದೀರ್ಘ. ಮೊದಲು ಬಂದ ಇಂಟರ್‌ಫೆರಾನ್ ಸೂಜಿಮದ್ದನ್ನು ಎಷ್ಟೋ ರೋಗಿಗಳು 48 ವಾರ ಚುಚ್ಚಿಸಿಕೊಳ್ಳಬೇಕಾಗಿತ್ತು. ಜ್ವರ, ಮೈನೋವು, ಮನಸ್ಸಿನ ಕುಗ್ಗು ಜೊತೆಗೇ ಬರುತ್ತಿದ್ದುವು. ಗುಣ ಹೊಂದದವರೇ ಬಹಳ. ಯಕೃತ್ತು ಗಟ್ಟಿಯಾಗಿ ಸೋತವರಿಗೆ ಆ ಮದ್ದೇ ಮಾರಕ. ಮಾವನವರಿಗೆ ವೈದ್ಯರು ಹೇಳಿದ್ದೂ ಅದನ್ನೇ: "ಇದನ್ನು ತಡೆಯುವ ಶಕ್ತಿ ನಿಮಗಿಲ್ಲ, ಯಜಮಾನರೇ. ಕಾಯೋಣ."

ಕಾದ ಮೂರು ವರ್ಷ ಅವರು ಉಪ್ಪಿಲ್ಲದ ಸಾರುಂಡರು. ಜಲೋದರಕ್ಕೆ ಉಪ್ಪು ವರ್ಜ್ಯವೆಂದು ಚರಕನು ಹೇಳಿದ್ದನ್ನೇ ಇಂದಿನ ವೈದ್ಯರೂ ಹೇಳಿದರು. ಆಗಾಗ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯಬೇಕಾಗಿತ್ತು. ಕೆಲವು ದಿನ ಮಬ್ಬು ಕವಿದು ಮೊಮ್ಮಗನ ಹೆಸರೂ ನೆನಪಿಗೆ ಬರುತ್ತಿರಲಿಲ್ಲ. ಕೆಡುಕೆಂದರೆ, ಮನೆಯಲ್ಲಿ ಅವರ ತಟ್ಟೆಯನ್ನು ಬೇರೆಯಿಟ್ಟರು. ಈ ರೋಗ ಒಟ್ಟಿಗೆ ಉಂಡರೆ, ಮುಟ್ಟಿದರೆ ಅಂಟುವುದಿಲ್ಲ. ಅಶುದ್ಧವಾದ ಸೂಜಿ, ಕ್ಷೌರದ ಕತ್ತಿ, ಹಚ್ಚೆಯ ಮೊನೆ, ಪರೀಕ್ಷಿಸದ ರಕ್ತ ಇವುಗಳಿಂದ ಬರುತ್ತದೆ. ಇದನ್ನು ಮನೆಯವರಿಗೆ ತಿಳಿಯಹೇಳಿ, ಅವರ ಪಕ್ಕದಲ್ಲಿ ಕುಳಿತು ಉಂಡೆನು. ನನ್ನ ತಪ್ಪಿಗೆ ಅಷ್ಟಾದರೂ ಮಾಡಬೇಕಾಗಿತ್ತು.

2013ರ ಡಿಸೆಂಬರಿನಲ್ಲಿ ಸೊಫೊಸ್ಬುವಿರ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಹನ್ನೆರಡು ವಾರದ ಬೆಲೆ 84,000 ಡಾಲರು! ಬಡವನಿಗೆ ಅದು ಗಗನಕುಸುಮವೇ. ಆದರೆ 2014ರ ಸೆಪ್ಟೆಂಬರಿನಲ್ಲಿ ಭಾರತದ ಏಳು ಕಂಪೆನಿಗಳಿಗೆ ಅದನ್ನು ತಯಾರಿಸಿ ಅಗ್ಗವಾಗಿ ಮಾರುವ ಪರವಾನಗಿ ಸಿಕ್ಕಿತು. ಅವುಗಳಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2016ರಲ್ಲಿ ಜೊತೆ ಎತ್ತನ್ನು ಮಾರಿ ಮಾವನವರಿಗೆ ಆರು ತಿಂಗಳ ಗುಳಿಗೆ ತಂದೆವು. ವೈರಸ್ಸು ರಕ್ತದಿಂದ ಮಾಯವಾಯಿತು, ಹೊಟ್ಟೆ ಇಳಿಯಿತು, ಅವರು ಮತ್ತೆ ಹೊಲದ ಬದುವಿನವರೆಗೆ ನಡೆದರು. ಆದರೂ ಗಟ್ಟಿಯಾದ ಯಕೃತ್ತು ಹೊಸದಾಗಲಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನು ಮಾಡಿಸುತ್ತಿದ್ದೆವು. 2021ರಲ್ಲಿ ಅದರಲ್ಲಿ ಗೆಡ್ಡೆ ಕಂಡಿತು. ಮರುವರ್ಷ ತೀರಿಕೊಂಡರು. ಗುಳಿಗೆ ಅವರಿಗೆ ಐದು ಒಳ್ಳೆಯ ವರ್ಷಗಳನ್ನು ಕೊಟ್ಟಿತು. ಹತ್ತು ವರ್ಷ ಮುಂಚೆ ಪರೀಕ್ಷೆ ಮಾಡಿಸಿದ್ದರೆ ಕಾಯಿಲೆ ಅಲ್ಲಿಯವರೆಗೆ ಬೆಳೆಯುವುದಕ್ಕೆ ಮೊದಲೇ ಕಣ್ಣಿಡಬಹುದಿತ್ತು.

ಒಂದು ನಾಡು ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಈಜಿಪ್ಟ್ ಸಾಕ್ಷಿ. ಅಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ಬಸವನಹುಳುವಿನ ಮೂಲಕ ಹರಡುವ ರೋಗವೊಂದಕ್ಕೆ ಊರೂರಿನಲ್ಲಿ ಸೂಜಿಮದ್ದು ಹಾಕಿದರು. ಸರಿಯಾಗಿ ಕುದಿಸದ ಅವೇ ಸೂಜಿಗಳು ಲಕ್ಷಾಂತರ ಜನಕ್ಕೆ ಹೆಪಟೈಟಿಸ್ ಸಿಯನ್ನು ಹಂಚಿದುವು. ಅದೇ ನಾಡು ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ, ಸ್ವದೇಶದ ಗುಳಿಗೆ ಕೊಟ್ಟು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆಗೆ ಪಾತ್ರವಾಯಿತು. ನಮ್ಮಲ್ಲಿ ಪಂಜಾಬು 2016ರಲ್ಲಿ ಪುಕ್ಕಟೆ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು ಇಡೀ ದೇಶಕ್ಕೆ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆಯ ಯೋಜನೆ ಬಂದಿತು. ಆದರೂ 2022ರ ಅಂದಾಜಿನಂತೆ ಭಾರತದಲ್ಲಿ ಸುಮಾರು 55 ಲಕ್ಷ ಮಂದಿಯಲ್ಲಿ ಈ ರೋಗವಿದೆ. ಹಲವರಿಗೆ ಅದು ಗೊತ್ತೇ ಇಲ್ಲ.

ಹಿಂದೆ ಎಂದಾದರೂ ರಕ್ತ ಪಡೆದವರು, ಒಂದೇ ಸೂಜಿಯನ್ನು ಹಲವರಿಗೆ ಬಳಸುತ್ತಿದ್ದ ಕಾಲದಲ್ಲಿ ಚುಚ್ಚಿಸಿಕೊಂಡವರು, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ನೆರೆಯವನ ಹೊಟ್ಟೆ ಉಬ್ಬಿದುದನ್ನು ಕಂಡವರು ಅವನ ನಡತೆಯನ್ನು ಕೇಳುವುದಕ್ಕೆ ಮುಂಚೆ ಅವನ ರಕ್ತಪರೀಕ್ಷೆಯಾಯಿತೇ ಎಂದು ಕೇಳಲಿ. ರೋಗಕ್ಕೆ ಈಗ ಹೆಸರಿದೆ. ರೋಗಿಗೆ ಬೇರೆ ಹೆಸರು ಬೇಕಾಗಿಲ್ಲ.